ಮನೆ ಅಂತ ಬರೆದ ಟ್ಯೂಬು

ಆವತ್ತು ಶನಿವಾರ. ಹನ್ನೆರಡು ಗಂಟೆಗೆ ನನ್ನ ಗಂಡ ಲ್ಯಾಬಿಗೆ ಬರೋರಿದ್ರು, ರಕ್ತ ಕೊಡೋಕೆ. ಅವರ ಕಿಡ್ನಿ ಕೆಡ್ತಾ ಇದೆ ಅನ್ನೋದು ನನಗೆ ಒಂಬತ್ತೂಮುಕ್ಕಾಲಿಗೆ ಗೊತ್ತಾಗಿತ್ತು. ಮಧ್ಯೆ ಇದ್ದದ್ದು ಎರಡೂಕಾಲು ಗಂಟೆ. ಅಷ್ಟು ಹೊತ್ತೂ ನಾನು ಕುರ್ಚಿಗೆ ಬೆನ್ನು ಕೊಟ್ಟಿದ್ದರೆ ಕೇಳಿ.

ಮೊದಲಿಂದ ಹೇಳಿಬಿಡ್ತೀನಿ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನೂ ನಾನೇ ಹೇಳಿಬಿಡ್ತೀನಿ, ಬೇರೆಯವರ ಬಾಯಲ್ಲಿ ಕೇಳೋದು ಬೇಡ. ಇಪ್ಪತ್ತೆರಡು ವರ್ಷದಿಂದ ಒಂದೇ ಲ್ಯಾಬಿನಲ್ಲಿ ಜನರ ರಕ್ತ ತೆಗೆದು, ಮೆಷಿನ್ನಿಗೆ ಹಾಕಿ, ಅದು ಹೇಳಿದ ನಂಬರು ಬರೆದುಕೊಡೋದು ನನ್ನ ಕೆಲಸ. ಈಕೆ ಚುಚ್ಚಿದ್ರೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲ್ಲ, ನಾಲಿಗೆ ಮಾತ್ರ ಸೂಜಿಗಿಂತ ಚುರುಕು ಅಂತಾರೆ. ಎರಡೂ ನಿಜ.

ಮೆಷಿನ್ನು ಅನ್ನೋದು ನಂಬೋ ಪ್ರಾಣಿ ಅಲ್ಲ. ಪ್ರತಿದಿನ ಬೆಳಗ್ಗೆ ಅದನ್ನ ಪರೀಕ್ಷೆ ಮಾಡಬೇಕು. ಅದಕ್ಕೆ, ಉತ್ತರ ಮೊದಲೇ ಗೊತ್ತಿರೋ ಒಂದು ರಕ್ತ ಬೇಕು, ತಕ್ಕಡಿಗೆ ತೂಕದ ಕಲ್ಲು ಇದ್ದ ಹಾಗೆ. ಕಂಪನಿಯವರು ಅದನ್ನ ಬಾಟ್ಲಿಯಲ್ಲಿ ಕಳಿಸ್ತಾರೆ. ಕಳಿಸ್ತಾರೆ ಅಂದ್ರೆ, ಅವರಿಗೆ ನೆನಪಾದಾಗ. ಆರು ವರ್ಷದ ಹಿಂದೆ ಒಂದು ಸಲ ಎರಡು ವಾರ ಬಾಟ್ಲಿ ಬರಲೇ ಇಲ್ಲ. ಹೊರಗೆ ಜನ ಸಾಲುಗಟ್ಟಿ ಕೂತಿದಾರೆ, ಅರ್ಧಕ್ಕರ್ಧ ಸಕ್ಕರೆ ಕಾಯಿಲೆಯವರು, ನನ್ನ ಹತ್ತಿರ ಕಲ್ಲೇ ಇಲ್ಲ. ಆಗ ಹೊಳೀತು: ಸಕ್ಕರೆ ಇರೋರನ್ನ ಅಳೆಯೋಕೆ ಸಕ್ಕರೆ ಇರೋ ರಕ್ತವೇ ಯಾಕಾಗಬಾರದು? ಅಂಥದ್ದೊಂದು ನನ್ನ ಮನೆಯಲ್ಲೇ ಇತ್ತಲ್ಲ.

ನನ್ನ ಗಂಡ ಟೈಲರ್. ಅಂಗಡಿ ಲ್ಯಾಬಿಂದ ಎರಡು ಬೀದಿ ಆಚೆ. ಸಕ್ಕರೆ ಕಾಯಿಲೆ ಶುರುವಾಗಿ ಆಗ ಐದು ವರ್ಷ ಆಗಿತ್ತು, ಮಾತ್ರೆಯಲ್ಲೇ ಹತೋಟಿ. ಕರೆಸಿದೆ, ರಕ್ತ ತೆಗೆದೆ, ಮೇಲಿನ ತಿಳಿಯನ್ನ ಪುಟ್ಟ ಪುಟ್ಟ ಟ್ಯೂಬುಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟೆ. ದಿನಕ್ಕೊಂದು ಕರಗಿಸಿ ಮೆಷಿನ್ನಿಗೆ ಹಾಕಿದೆ. ಟ್ಯೂಬಿನ ಮೇಲೆ ಹೆಸರಿಲ್ಲ, ನಂಬರಿಲ್ಲ, 'ಮನೆ' ಅಂತ ಬರೆದೆ, ತಿಂಗಳು ಬರೆದೆ, ಅಷ್ಟೇ. ಅವತ್ತಿಂದ ಅದೇ ಅಭ್ಯಾಸ. ಪ್ರತಿ ತಿಂಗಳ ಮೊದಲನೇ ಶನಿವಾರ ಹನ್ನೆರಡಕ್ಕೆ ನನ್ನ ಊಟದ ಡಬ್ಬಿ ಹಿಡ್ಕೊಂಡು ಬರ್ತಾರೆ, ಟೇಪು ಕೊರಳಲ್ಲೇ ನೇತಾಡ್ತಾ ಇರುತ್ತೆ. ತೋಳು ಚಾಚಿ, "ತಗೋಳೇ, ಊರಿಗೆಲ್ಲ ಅಳತೆ" ಅಂತಾರೆ. ಲ್ಯಾಬಿನೋರೆಲ್ಲ ಅವರನ್ನ ಭಾವ ಅಂತಲೇ ಕರೆಯೋದು. ಆ ಹೆಮ್ಮೆ ನೋಡಬೇಕಿತ್ತು ನೀವು.

ಅವರ ರಕ್ತವೂ ಹಾಗೇ ಇತ್ತು ಅನ್ನಿ. ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ನಾವು ಕ್ರಿಯಾಟಿನಿನ್ ನೋಡ್ತೀವಿ. ಅವರದು ಸೊನ್ನೆ ಪಾಯಿಂಟ್ ಎಂಟು. ಮುಂದಿನ ತಿಂಗಳೂ ಸೊನ್ನೆ ಪಾಯಿಂಟ್ ಎಂಟು. ಆರು ವರ್ಷವೂ ಅದೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮನುಷ್ಯ ಅಂದ್ರೆ ಹೀಗಿರಬೇಕು ಅಂತ ನಾನೇ ಕಂಡಕಂಡವರ ಹತ್ತಿರ ಕೊಚ್ಕೊಂಡಿದ್ದೆ. ಮೂತ್ರ ಪರೀಕ್ಷೆಯೂ ಮಾಡಿಸಿ ಅಂತ ಅವರ ಡಾಕ್ಟರು ವರ್ಷ ವರ್ಷ ಬರೆದುಕೊಡ್ತಿದ್ರು. ಇವರು ಮಾಡಿಸ್ತಿರಲಿಲ್ಲ. "ಭಾವ ಭಾವ ಅನ್ನೋ ಜನದ ಮುಂದೆ ಆ ಡಬ್ಬಿ ಹಿಡ್ಕೊಂಡು ನಡೀಲೇನೇ? ನಾಚಿಕೆ ಕಣೇ" ಅನ್ನೋರು. ನಾನೂ ನಕ್ಕು ಬಿಟ್ಟುಬಿಡ್ತಿದ್ದೆ. ಪಾಯಿಂಟ್ ಎಂಟು ಇರೋರಿಗೆ ಇನ್ನೇನು ಬೇಕು?

ಎರಡು ವರ್ಷದಿಂದ ಸಣ್ಣಗಾಗ್ತಿದ್ರು. ಸಕ್ಕರೆ ಹತೋಟಿಗೆ ಬಂದಿದೆ, ವಾಕಿಂಗ್ ಹಿಡಿದಿದೆ ಅಂತ ನಾನು ಖುಷಿಪಟ್ಟೆ. ಅವರು ತಮ್ಮ ಪ್ಯಾಂಟನ್ನ ತಾವೇ ಬಿಚ್ಚಿ ಸೊಂಟದ ಹತ್ತಿರ ಒಳಗೆ ಹಿಡಿದು ಹೊಲಿದುಕೊಂಡರು. ಒಂದು ಸಲ ಅಲ್ಲ, ನಾಲ್ಕು ಸಲ. "ಮದುವೆ ದಿನದ ಅಳತೆಗೆ ಬಂದುಬಿಟ್ಟೆ ನೋಡು" ಅಂತ ಕನ್ನಡಿ ಮುಂದೆ ತಿರುಗಿ ತೋರಿಸಿದ್ರು. ನಾನು, "ಮುಖ ಮಾತ್ರ ಮದುವೆ ದಿನದ್ದಲ್ಲ ಬಿಡಿ" ಅಂದಿದ್ದೆ.

ಹಿಂದಿನ ಸೋಮವಾರ ಹೊಸ ಮೆಷಿನ್ನು ಬಂತು. ನಮ್ಮ ಲ್ಯಾಬು ನಡೆಸೋ ಡಾಕ್ಟರಮ್ಮ ಬಹಳ ದಿನದಿಂದ ಹಟ ಹಿಡಿದಿದ್ರು: ಸಕ್ಕರೆ ಕಾಯಿಲೆಯವರಿಗೆ ಕಿಡ್ನಿ ಕೆಡೋದು ಬೇಗ ಗೊತ್ತಾಗಬೇಕು, ಅದಕ್ಕೆ ಸಿಸ್ಟಾಟಿನ್ ಅಂತ ಇನ್ನೊಂದು ಗುರುತು ನೋಡಬೇಕು ಅಂತ. ನನಗೂ ಕೂರಿಸಿಕೊಂಡು ಹೇಳಿದ್ರು. ಕ್ರಿಯಾಟಿನಿನ್ ಅಂದ್ರೆ ಮಾಂಸಖಂಡದ ಕಸ. ಕಿಡ್ನಿ ಅದನ್ನ ಹೊರಗೆ ಹಾಕುತ್ತೆ. ಮಾಂಸಖಂಡ ಕರಗಿದವರಲ್ಲಿ ಕಸವೇ ಕಮ್ಮಿ, ಕಸ ಕಮ್ಮಿ ಇರೋ ಮನೆಯಲ್ಲಿ ಚರಂಡಿ ಕಟ್ಟಿಕೊಂಡ್ರೂ ಬೇಗ ಗೊತ್ತಾಗಲ್ಲ. ಸಿಸ್ಟಾಟಿನ್ ಹಾಗಲ್ಲ. ದಪ್ಪಗಿರಲಿ ಸಣ್ಣಗಿರಲಿ, ಮೈಯ ಕಣಕಣವೂ ಅದನ್ನ ಹೆಚ್ಚುಕಮ್ಮಿ ಒಂದೇ ಸಮ ಮಾಡ್ತಾ ಇರುತ್ತೆ. ನಾನು ಹೂಂ ಹೂಂ ಅಂದೆ. ಚರಂಡಿ ಮಾತು ಚೆನ್ನಾಗಿದೆ ಅಂತಲೂ ಅಂದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಿದ್ದೆ ಅಂತ ಈಗ ಗೊತ್ತಾಗ್ತಿದೆ.

ಮಂಗಳವಾರ ಬೆಳಗ್ಗೆ ಮೆಷಿನ್ನು ಶುರು ಮಾಡಿದೆವು. ನನ್ನ ಜೊತೆ ಕೆಲಸ ಮಾಡೋನು ಗಡಿಯಾರ. ಐವತ್ತು ದಾಟಿದೋನು, ಯಾರೂ ಕೇಳದಿದ್ರೂ ಗಂಟೆ ಎಷ್ಟಾಯ್ತು ಅಂತ ಹೇಳ್ತಾ ಇರ್ತಾನೆ, ಅದಕ್ಕೇ ಆ ಹೆಸರು. ಅವನು ಕಂಪನಿಯ ಬಾಟ್ಲಿ ಹಾಕಿದ, ಆಮೇಲೆ 'ಮನೆ' ಟ್ಯೂಬು ಹಾಕಿದ. ಪರದೆ ನೋಡಿ ತಲೆ ಕೆರೆದುಕೊಂಡ.

"ಅಕ್ಕ, ಬಾಟ್ಲಿ ಸರಿಯಾಗೇ ಬಂತು. ಮನೆ ಮಾತ್ರ ಒಂದು ಪಾಯಿಂಟ್ ಆರು ಬರ್ತಿದೆ. ಒಂದರ ಒಳಗಿರಬೇಕು ಅಂತಿದೆ ಪುಸ್ತಕದಲ್ಲಿ."

"ಇನ್ನೊಂದು ಸಲ ಹಾಕು."

ಹಾಕಿದ. ಒಂದು ಪಾಯಿಂಟ್ ಆರು. ಮೂರನೇ ಸಲವೂ ಅದೇ.

"ಮೆಷಿನ್ನು ಸುಳ್ಳು ಹೇಳ್ತಿದೆ" ಅಂದೆ.

"ಬಾಟ್ಲಿ ಸರಿಯಾಗಿ ಬರ್ತಿದೆಯಲ್ಲಕ್ಕ."

ನನಗೆ ಎಲ್ಲಿತ್ತೋ ಸಿಟ್ಟು. "ಆ ಬಾಟ್ಲಿ ಬಂದಾಗ ಡಬ್ಬದಲ್ಲಿ ಐಸ್ ಕರಗಿ ನೀರಾಗಿತ್ತು, ನೀನೇ ನೋಡಿದೀಯ. ನಿನ್ನೆ ಬಂದ ಬಾಟ್ಲಿ ನಿಜ, ಆರು ವರ್ಷದಿಂದ ಒಂದು ಚೂರೂ ಅಲುಗದ ರಕ್ತ ಸುಳ್ಳಾ? ಯಾರ ರಕ್ತ ಅಂತ ಗೊತ್ತಿದೆ ತಾನೇ?"

"ಗೊತ್ತಿದೆ ಕಣಕ್ಕ. ಅದಕ್ಕೇ ಹೇಳ್ತಿರೋದು..."

"ಏನೂ ಹೇಳಬೇಡ. ಗಂಟೆ ಎಷ್ಟು ಹೇಳು, ಸಾಕು."

"ಎಂಟೂ ಹತ್ತು" ಅಂದ, ಪಾಪ.

ಮೆಷಿನ್ನಿನ ಪರದೆಯಲ್ಲಿ ಒಂದು ಖಾನೆ ಇದೆ, ಅಲ್ಲಿ ತಿದ್ದುಪಡಿ ಅಂತ ಒಂದು ಅಂಕಿ ತುಂಬಬಹುದು. ಬಂದ ನಂಬರನ್ನೆಲ್ಲ ಅದು ಆ ಅಂಕಿಯಿಂದ ಗುಣಿಸಿ ತೋರಿಸುತ್ತೆ. ನಾನು ಸೊನ್ನೆ ಪಾಯಿಂಟ್ ಆರು ಅಂತ ತುಂಬಿದೆ. 'ಮನೆ' ಟ್ಯೂಬು ಒಂದರ ಒಳಗೆ ಬಂದು ಕೂತಿತು. ಡಾಕ್ಟರಮ್ಮನಿಗೆ ಫೋನ್ ಮಾಡಿ, ಸಣ್ಣ ತೊಂದರೆ ಇತ್ತು, ಸರಿ ಮಾಡಿದೀನಿ ಅಂದೆ. "ನೀನು ಸರಿ ಅಂದ್ರೆ ಸರಿ ಬಿಡು" ಅಂದ್ರು. ಇಪ್ಪತ್ತೆರಡು ವರ್ಷದ ನಂಬಿಕೆ ಅದು. ಫೋನಿಟ್ಟು ಟೀ ಕುಡಿದೆ.

ಶುಕ್ರವಾರದ ಹೊತ್ತಿಗೆ ಮೂವತ್ತೊಂದು ಜನರಿಗೆ ರಿಪೋರ್ಟು ಹೋಗಿತ್ತು. ಎಲ್ಲರೂ ಸಕ್ಕರೆ ಕಾಯಿಲೆಯವರು, ಹೆಚ್ಚುಕಮ್ಮಿ ಎಲ್ಲರದೂ ಚೆನ್ನಾಗಿದೆ ಅಂತ. ಅವರಲ್ಲೊಬ್ಬರು ಲೆಕ್ಕದ ಟೀಚರಮ್ಮ. ಹದಿನೆಂಟು ವರ್ಷದಿಂದ ಕಾಯಿಲೆ, ಕಾಗದ ಬಿಚ್ಚದೆ ನನ್ನ ಮುಖವನ್ನೇ ನೋಡ್ತಿದ್ರು. ಚೆನ್ನಾಗಿದೆ ಅಂದಿದ್ದೇ ತಡ, ನನ್ನ ಕೈ ಹಿಡ್ಕೊಂಡು, "ನಿನ್ನ ಬಾಯಿಗೆ ಸಕ್ಕರೆ ಹಾಕ ಅನ್ನೋಣ ಅಂದ್ರೆ ನಮ್ಮನೇಲಿ ಸಕ್ಕರೆ ಡಬ್ಬಿನೇ ಇಲ್ವಲ್ಲಮ್ಮ" ಅಂದ್ರು. ಇಬ್ಬರೂ ನಕ್ಕೆವು. ಡಾಕ್ಟರು ಬರೆದಿದ್ದ ಹೊಸ ಮಾತ್ರೆ ಇನ್ನು ತಗೊಳ್ಳಲ್ಲ ಅಂತ ಹೇಳಿ ಹೋದರು.

ಶನಿವಾರ ಬೆಳಗ್ಗೆ ಜನ ಕಮ್ಮಿ. ತಮಾಷೆಗೆ ನನ್ನ ರಕ್ತವನ್ನೇ ತೆಗೆದು ಹಾಕಿದೆ. ನಾನು ತುಂಬಿದ ಮೈಯೋಳು, ಸಕ್ಕರೆ ಇಲ್ಲ. ಬಂತು ನೋಡಿ ನಂಬರು, ಸೊನ್ನೆ ಪಾಯಿಂಟ್ ನಾಲ್ಕು ಐದು.

"ಏ ಗಡಿಯಾರ, ನೋಡೋ ಇಲ್ಲಿ! ನನ್ನ ಕಿಡ್ನಿ ಹದಿನಾರರ ಹುಡುಗಿದಕ್ಕಿಂತ ಚೆನ್ನಾಗಿದೆ."

ಅವನು ನಗಲಿಲ್ಲ. ಅಂಗಿಯ ತೋಳು ಮಡಚಿ ತನ್ನ ರಕ್ತ ಕೊಟ್ಟ. ಸೊನ್ನೆ ಪಾಯಿಂಟ್ ನಾಲ್ಕು ಎರಡು. ಬಾಗಿಲಲ್ಲಿ ಕೂತಿದ್ದ ಕಾವಲುಗಾರನನ್ನ ಕರೆದ. ಅವನದು ಸೊನ್ನೆ ಪಾಯಿಂಟ್ ನಾಲ್ಕು ಎಂಟು. ಆಮೇಲೆ ಪುಸ್ತಕ ತೆಗೆದು ನನ್ನ ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟ. ಆರೋಗ್ಯವಾಗಿರೋ ದೊಡ್ಡವರಲ್ಲಿ ಇಷ್ಟು ಕಮ್ಮಿ ಬರಲ್ಲ. ಒಬ್ಬರಿಗೆ ಬಂದ್ರೆ ಏನೋ ಅನ್ನಬಹುದು. ಮೂರು ಜನಕ್ಕೂ ಬರೋಕೆ ಸಾಧ್ಯವೇ ಇಲ್ಲ.

ಅವನು ಬೆರಳು ತೆಗೆದು ಪಕ್ಕಕ್ಕೆ ಸರಿದ. ನಾನು ಹೇಳಿದ್ನಲ್ಲಕ್ಕ ಅನ್ನಬಹುದಿತ್ತು. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ ಅನ್ನಬಹುದಿತ್ತು, ನಾನಾಗಿದ್ರೆ ಅಂದೇ ಅನ್ನುತ್ತಿದ್ದೆ. ನಾನೇ ಹೋಗಿ ತಿದ್ದುಪಡಿ ಅಳಿಸಿದೆ. ಮತ್ತೆ ಎಲ್ಲ ಹಾಕಿದೆ. ನನ್ನದು ಪಾಯಿಂಟ್ ಏಳು ಐದು, ಅವನದು ಪಾಯಿಂಟ್ ಏಳು, ಕಾವಲುಗಾರನದು ಪಾಯಿಂಟ್ ಎಂಟು. ಎಲ್ಲ ಇರಬೇಕಾದ ಜಾಗದಲ್ಲಿ. ಬಾಟ್ಲಿ ಚಾಚೂತಪ್ಪದೆ ಸರಿ. 'ಮನೆ' ಒಂದು ಪಾಯಿಂಟ್ ಆರು.

ಮೆಷಿನ್ನು ಸರಿಯಾಗೇ ಇತ್ತು. ಗಂಟೆ ಒಂಬತ್ತೂಮುಕ್ಕಾಲು.

ಕೈಕಾಲು ಆಡಲಿಲ್ಲ ಅಂತಾರಲ್ಲ, ನನಗೆ ಉಲ್ಟಾ, ಕೈಕಾಲು ನಿಲ್ಲಲೇ ಇಲ್ಲ. ಒಳಗೆ ಹೋದೆ, ಹೊರಗೆ ಬಂದೆ, ತೊಳೆದ ಕೈಯನ್ನೇ ಮತ್ತೆ ತೊಳೆದೆ. ಒಂದು ಸಲ ನಂಬರು ಹೆಚ್ಚು ಬಂದ ಮಾತ್ರಕ್ಕೆ ಏನೂ ಅಲ್ಲ, ಜ್ವರ ಬಂದಿರಬಹುದು, ಆ ತಿಂಗಳ ಟ್ಯೂಬೇ ಹಾಳಾಗಿರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ. ಹಾಗೆ ಹೇಳ್ಕೊಳ್ತಾನೇ ಫ್ರೀಜರಿನ ಬಾಗಿಲು ತೆಗೆದೆ.

ನನಗೆ ಏನನ್ನೂ ಬಿಸಾಡದ ಬುದ್ಧಿ. ಹಳೇ ರಬ್ಬರ್ ಬ್ಯಾಂಡನ್ನೂ ಎತ್ತಿಡ್ತೀನಿ ಅಂತ ಮನೆಯಲ್ಲಿ ಗೇಲಿ ಮಾಡ್ತಾರೆ. ಫ್ರೀಜರಿನ ತಳದ ಡಬ್ಬದಲ್ಲಿ ಪ್ರತಿ ತಿಂಗಳಿನ ಉಳಿಕೆ ಟ್ಯೂಬು ಒಂದೊಂದು ಇತ್ತು, ಹಳೇ ಫ್ರೀಜರ್ ಕೆಟ್ಟು ಇದು ಬಂದಮೇಲಿನ ಇಪ್ಪತ್ತಾರು ತಿಂಗಳದ್ದು. ಎಲ್ಲದರ ಮೇಲೂ ನನ್ನದೇ ಅಕ್ಷರದಲ್ಲಿ 'ಮನೆ'. ಅಂಗೈಯಲ್ಲಿ ಹಿಡಿದು ಕರಗಿಸಿದೆ, ಹಳೇದರಿಂದ ಶುರುಮಾಡಿ ಒಂದೊಂದಾಗಿ ಹಾಕಿದೆ.

ಸೊನ್ನೆ ಪಾಯಿಂಟ್ ಒಂಬತ್ತು. ಆಮೇಲೆ ಒಂದು. ನಾಲ್ಕು ತಿಂಗಳು ಒಂದರಲ್ಲೇ ನಿಂತಿತ್ತು, ದೇವರೇ ಅಲ್ಲೇ ನಿಲ್ಲಲಿ ಅಂದೆ. ಒಂದು ಪಾಯಿಂಟ್ ಒಂದು. ಒಂದು ಪಾಯಿಂಟ್ ಮೂರು. ಒಂದು ಸಲವೂ ಹಿಂದಕ್ಕೆ ಬರಲಿಲ್ಲ. ಪಕ್ಕದ ಹಳೇ ಮೆಷಿನ್ನಿನಲ್ಲಿ ಅದೇ ಟ್ಯೂಬುಗಳ ಕ್ರಿಯಾಟಿನಿನ್, ಇಪ್ಪತ್ತಾರಕ್ಕೆ ಇಪ್ಪತ್ತಾರೂ ಸೊನ್ನೆ ಪಾಯಿಂಟ್ ಎಂಟು. ಕಿಡ್ನಿ ಕೆಡ್ತಾ ಹೋದ ಹಾಗೆ ಕಸ ಏರಬೇಕಿತ್ತು. ಮೈ ಕರಗ್ತಾ ಹೋದ ಹಾಗೆ ಕಸ ಇಳೀತಿತ್ತು. ಎರಡೂ ಸಮ ಸಮ ಆಗಿ ನಂಬರು ನಿಂತಲ್ಲೇ ನಿಂತಿತ್ತು. ಆ ನಿಂತ ನಂಬರನ್ನ ನಾನು ಊರಿಗೆಲ್ಲ ತೂಕದ ಕಲ್ಲು ಮಾಡಿದ್ದೆ.

ದೀಪದ ಕೆಳಗೆ ಕತ್ತಲೆ ಅಂತ ಎಷ್ಟು ಸಲ ಬೇರೆಯವರಿಗೆ ಹೇಳಿದೀನಿ ನಾನು! ಊರವರ ಕಾಯಿಲೆಯೆಲ್ಲ ಮೊದಲು ಗೊತ್ತಾಗೋದು ನನಗೆ. ಪಕ್ಕದಲ್ಲಿ ಮಲಗೋ ಗಂಡನದು ಇಪ್ಪತ್ತಾರು ತಿಂಗಳು ಫ್ರೀಜರಿನಲ್ಲಿ ಕೂತಿತ್ತು.

"ಹತ್ತೂ ನಲವತ್ತು, ಅಕ್ಕ" ಅಂದ ಗಡಿಯಾರ, ಮೆಲ್ಲಗೆ.

ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಒಂದೇ ಉಸಿರಿಗೆ. ಅವರು ಬೈಯಲಿಲ್ಲ. ಬೈದಿದ್ರೆ ತಿರುಗಿ ಏನಾದ್ರೂ ಅನ್ನಬಹುದಿತ್ತು.

"ಮೂವತ್ತೊಂದು ಜನಕ್ಕೂ ಈಗಲೇ ಫೋನ್ ಮಾಡು. ತಪ್ಪು ನಮ್ಮದು ಅಂತ ಹೇಳು. ಎಲ್ಲರದೂ ಉಳಿದ ರಕ್ತ ಇದೆಯಲ್ಲ, ಮತ್ತೆ ಹಾಕಿ ಹೊಸ ರಿಪೋರ್ಟು ಕೊಡಿ. ನಾನು ಹೊರಟೆ, ಬರ್ತಿದೀನಿ." ಒಂದು ಕ್ಷಣ ಬಿಟ್ಟು, "ಅವರಿಗೆ ಹೇಳಿದ್ಯಾ?" ಅಂದ್ರು.

"ಇಲ್ಲ."

"ಒಂದು ನಂಬರಿನಿಂದ ಎಲ್ಲ ತೀರ್ಮಾನ ಆಗಲ್ಲ. ಮೂತ್ರ ನೋಡಬೇಕು, ಕಿಡ್ನಿ ಡಾಕ್ಟರಿಗೆ ತೋರಿಸಬೇಕು. ಈಗ ಗೊತ್ತಾದ್ರೆ ತಡೆಹಿಡಿಯೋಕೆ ದಾರಿ ಇದೆ. ಆದ್ರೆ ಇವತ್ತೇ ಹೇಳಬೇಕು, ತಿಳೀತಾ?"

ಗಡಿಯಾರ ರಕ್ತ ಮತ್ತೆ ಹಾಕ್ತಾ ಹೋದ, ನಾನು ಫೋನ್ ಮಾಡ್ತಾ ಹೋದೆ, ಅತ್ತಿಂದಿತ್ತ ನಡೀತಾನೇ. ಕೆಲವರು ಬೈದರು, ಬೈಸಿಕೊಂಡೆ. ಒಬ್ಬರು ಸುಮ್ಮನೆ ಫೋನಿಟ್ಟುಬಿಟ್ಟರು, ಅವರಿಗೆ ಮತ್ತೆ ಮಾಡಿದೆ. ಟೀಚರಮ್ಮನದು ಒಂದು ಪಾಯಿಂಟ್ ಐದು ಬಂದಿತ್ತು. ಅವರು ಬೈಯಲಿಲ್ಲ, "ಹಾಗಾದ್ರೆ ಆ ಮಾತ್ರೆ ತಗೊಳ್ಳಲೇನಮ್ಮ?" ಅಂದ್ರು. ತಗೊಳ್ಳಿ, ಇವತ್ತೇ ನಿಮ್ಮ ಡಾಕ್ಟರ ಹತ್ತಿರ ಹೋಗಿ ಅಂದೆ. "ಪರವಾಗಿಲ್ಲ ಬಿಡು, ತಪ್ಪು ಲೆಕ್ಕ ತಿದ್ದಬಹುದು" ಅಂದ್ರು. ಆಗ ನನಗೆ ಅಳು ಬಂತು. ಅಳೋಕೆ ಪುರುಸೊತ್ತಿರಲಿಲ್ಲ, ಇನ್ನೂ ಒಂಬತ್ತು ಜನ ಬಾಕಿ ಇದ್ರು.

ಮೂವತ್ತೊಂದನೇ ಫೋನ್ ಇಟ್ಟಾಗ ಗಡಿಯಾರ ಗಂಟೆ ಹೇಳಲಿಲ್ಲ. ಬಾಗಿಲ ಕಡೆ ನೋಡಿದ. ಭಾವ ಬಂದಿದ್ರು.

ಕೊರಳಲ್ಲಿ ಟೇಪು, ಕೈಯಲ್ಲಿ ನನ್ನ ಊಟದ ಡಬ್ಬಿ. ಕುರ್ಚಿಯಲ್ಲಿ ಕೂತು ತೋಳು ಚಾಚಿದ್ರು. "ತಗೋಳೇ, ಊರಿಗೆಲ್ಲ ಅಳತೆ."

ನಾನು ನರ ಉಬ್ಬೋಕೆ ತೋಳಿಗೆ ಬಿಗಿಯೋ ಪಟ್ಟಿ ಕಟ್ಟೋಕೆ ಹೋದೆ. ಅದೇ ತೋಳು, ಅದೇ ಪಟ್ಟಿ. ಆರು ವರ್ಷದ ಹಿಂದೆ ಮೊದಲನೇ ತೂತಿಗೆ ಸಿಗಿಸ್ತಿದ್ದೆ. ಈಗ ಕೊನೇ ತೂತಿಗೆ ಹಾಕಿದ್ರೂ ಸಡಿಲ. ಯಾವಾಗ ಬದಲಾಯಿಸಿದೆ ಅಂತ ನನಗೆ ನೆನಪೇ ಇಲ್ಲ.

"ಏನೇ, ಮುಖ ಯಾಕೆ ಹಾಗಿದೆ? ಯಾರ ಮೇಲೆ ಹರಿಹಾಯ್ದೆ ಇವತ್ತು?"

ಮೂವತ್ತೊಂದು ಜನಕ್ಕೆ ಪಟಪಟ ಅಂತ ಹೇಳಿದ ಬಾಯಿ ಇದು. ಇವರಿಗೆ ಹೇಳೋ ಬದಲು ಕಾಲ ಹತ್ತಿರ ಬಗ್ಗಿದೆ, ಪ್ಯಾಂಟು ಮೇಲೆತ್ತಿ ಪಾದದ ಮೇಲೆ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದ್ರೂ ಗುಳಿ ಹಾಗೇ ಉಳೀತು.

"ರೀ, ಇದು ಯಾವಾಗಿಂದ?"

"ಹೊಲಿಗೆ ಮೆಷಿನ್ ತುಳಿಯೋ ಕಾಲು, ಸಂಜೆ ಹೊತ್ತಿಗೆ ಊದುತ್ತೆ. ಈಗ ಬೆಳಗ್ಗೆನೂ ಸ್ವಲ್ಪ. ಸುಸ್ತೂ ಆಗುತ್ತೆ ಕಣೇ, ಒಂದು ಪ್ಯಾಂಟು ಕತ್ತರಿಸೋ ಅಷ್ಟರಲ್ಲಿ ಕೂತುಬಿಡ್ತೀನಿ."

"ಯಾಕ್ರೀ ಹೇಳಲಿಲ್ಲ? ಬಾಯಿ ಬಿದ್ದುಹೋಗಿತ್ತಾ?" ಸಿಟ್ಟಲ್ಲೇ ಕೇಳಿದೆ. ಹೆದರಿಕೆಯಾದಾಗ ನನಗೆ ಬರೋದು ಸಿಟ್ಟೇ.

ಅವರಿಗೆ ಆಶ್ಚರ್ಯ ಆಯ್ತು. ನನ್ನನ್ನೇ ನೋಡಿದ್ರು.

"ತಿಂಗಳು ತಿಂಗಳು ನನ್ನ ರಕ್ತ ನೀನೇ ನೋಡ್ತೀಯಲ್ಲ. ಏನಾದ್ರೂ ಇದ್ದಿದ್ರೆ ನೀನೇ ಹೇಳ್ತಿದ್ದೆ ಅಂತ ಸುಮ್ಮನಿದ್ದೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಬೆಳಗ್ಗೆಯಿಂದ ಮೊದಲ ಸಲ ಕೂತಿದ್ದು ಅದೇ. ಅವರ ಮಂಡಿಗೆ ಹಣೆ ಹಚ್ಚಿ ಅತ್ತೆ, ಗಡಿಯಾರ ಇದಾನೆ ಅಂತಲೂ ನೋಡಲಿಲ್ಲ. ಅಳ್ತಾನೇ ಎಲ್ಲ ಹೇಳಿದೆ, ಟ್ಯೂಬು, ತಿದ್ದುಪಡಿ, ಮೂವತ್ತೊಂದು ಜನ, ಇಪ್ಪತ್ತಾರು ತಿಂಗಳು. ನಾನು ನಿಮ್ಮ ರಕ್ತ ನೋಡಿದ್ದು ಮೆಷಿನ್ನು ಸರಿಯಿದೆಯಾ ಅಂತ, ನೀವು ಸರಿಯಿದೀರಾ ಅಂತ ಒಂದು ದಿನವೂ ನೋಡಲಿಲ್ಲ ಕಣ್ರೀ ಅಂದೆ.

ಅವರು ಟೇಪನ್ನ ಕೊರಳಿಂದ ತೆಗೆದು ಬೆರಳಿಗೆ ಸುತ್ತಿದ್ರು, ಬಿಚ್ಚಿದ್ರು.

"ಎಲ್ಲರಿಗೂ ಹೇಳಿದ್ಯಾ? ಮೂವತ್ತೊಂದು ಜನಕ್ಕೂ?"

"ಹೇಳಿದೆ."

"ಹಾಗಾದ್ರೆ ನಾನು ಮೂವತ್ತೆರಡನೇ ಗಿರಾಕಿ." ನಗೋಕೆ ನೋಡಿದ್ರು, ಆಗಲಿಲ್ಲ. "ಆ ಡಬ್ಬಿ ಎಲ್ಲಿದೆ ಕೊಡು, ಅದನ್ನೂ ಕೊಟ್ಟುಬಿಡ್ತೀನಿ. ಇನ್ನೆಂಥ ನಾಚಿಕೆ."

ಗಡಿಯಾರ ಮೂತ್ರದ ಡಬ್ಬಿ ತಂದುಕೊಟ್ಟು, "ಬನ್ನಿ ಭಾವ" ಅಂತ ದಾರಿ ತೋರಿಸಿದ. ಹಿಂದಿನಿಂದ ನೋಡಿದೆ. ಸೊಂಟದ ಹತ್ತಿರ ಬಟ್ಟೆಯ ಮೇಲೆ ಬಿಚ್ಚಿದ ಹಳೇ ಹೊಲಿಗೆಯ ಗೆರೆಗಳು ಒಂದರ ಪಕ್ಕ ಒಂದು ಕಾಣ್ತಿದ್ವು. ದಿನಾ ಇಸ್ತ್ರಿ ಮಾಡೋಳು ನಾನೇ.

ಅವರು ವಾಪಸ್ ಬಂದು ಕೂತರು. ನನ್ನ ಸೂಜಿ ಎರಡು ಸಲ ತಪ್ಪಿತು. "ನೋಯ್ತು ಕಣೇ" ಅಂದ್ರು, ಆರು ವರ್ಷದಲ್ಲಿ ಮೊದಲ ಸಲ. ಮೂರನೇ ಸಲಕ್ಕೆ ರಕ್ತ ಬಂತು. ಟ್ಯೂಬು ತಿರುಗಿಸಿ ಪೆನ್ನು ತಗೊಂಡೆ. ಅಭ್ಯಾಸಕ್ಕೆ ಕೈ 'ಮ' ಅಂತ ಬರೆದೇಬಿಟ್ಟಿತ್ತು. ಅದನ್ನ ಹೊಡೆದುಹಾಕಿ ಅವರ ಹೆಸರು ಬರೆದೆ, ವಯಸ್ಸು ಬರೆದೆ, ಸಕ್ಕರೆ ಕಾಯಿಲೆ ಹನ್ನೊಂದು ವರ್ಷ ಅಂತ ಬರೆದೆ.

ಅವರು ಬಗ್ಗಿ ಓದಿದ್ರು.

"ಇವತ್ತು ನನಗೂ ಒಂದು ರಿಪೋರ್ಟು ಕೊಡ್ತೀಯಾ?"

ಆರು ವರ್ಷ, ಎಪ್ಪತ್ತು ಸಲವಾದ್ರೂ ಅವರ ರಕ್ತ ತೆಗೆದಿದೀನಿ. ಒಂದು ಕಾಗದವೂ ಕೊಟ್ಟಿರಲಿಲ್ಲ.

"ಕೊಡ್ತೀನಿ ರೀ" ಅಂದೆ. "ಕೂತಿರಿ, ಹೋಗಬೇಡಿ."